ಹಳೇ ಕಾರೋ ಹೊಸ ಕಾರೋ? ಕೊಡಗಿನ ಮಳೆಗೆ ಯಾವುದು ತಡೆಯುತ್ತದೆ, ನೀವೇ ನೋಡಿ

‘ಈಗಿನ ಕಾರು ಬರೀ ತಗಡು, ಹಳೇದು ಅಂದ್ರೆ ಕಬ್ಬಿಣ.’ ಗೋಣಿಕೊಪ್ಪದ ಸಂತೆಯಲ್ಲಿ ನಿಂತರೂ ಸೋಮವಾರಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ನಮ್ಮ ಮನೆಯಲ್ಲಿ ಎರಡೂ ಇವೆ. ಅಪ್ಪನ 1997ರ ಪೆಟ್ರೋಲ್ ಕಾರು, ತಮ್ಮನ 2021ರ ಡೀಸೆಲ್ ಕಾರು. ಒಂದೇ ಶೆಡ್, ಒಂದೇ ಮಳೆ, ಒಂದೇ ತೋಟದ ರಸ್ತೆ. ಎರಡರ ಕೆಸರನ್ನೂ ತೊಳೆದು, ಎರಡರ ಬಿಲ್ಲನ್ನೂ ಕಟ್ಟಿ ನನಗೆ ತಿಳಿದದ್ದು ಇಷ್ಟು: ಹಳೇ ಕಾರು ಆಗಾಗ ಕೆಡುತ್ತಿತ್ತು, ಆಗಾಗ ರಿಪೇರಿಯೂ ಆಗುತ್ತಿತ್ತು, ಹಾಗಾಗಿಯೇ ಇಷ್ಟು ವರ್ಷ ಓಡಿದೆ. ಹೊಸದು ಕೆಡುವುದು ಅಪರೂಪ. ಕೆಟ್ಟರೆ ಮಾತ್ರ ನಮ್ಮ ಸ್ಪ್ಯಾನರಿಗೆ ಸಿಗುವುದಿಲ್ಲ.

ನಿಮ್ಮ ಮನೆಯ ಕಾರನ್ನು ಅಳೆಯುವುದಕ್ಕೂ, ಸೆಕೆಂಡ್ ಹ್ಯಾಂಡ್ ಕೊಳ್ಳುವುದಕ್ಕೂ ಈ ಕ್ರಮ ಸಾಕು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ಜೂನ್‌ವರೆಗೆ ಸ್ವಲ್ಪ ಬಿಡುವು ಸಿಗುತ್ತದಲ್ಲ, ಆಗ ಮಾಡಿ.

1. ಮೊದಲು ತಗಡು

ಬಾಗಿಲು ತೆರೆದು ಕೆಳಗಿನ ಅಂಚಿಗೆ ಬೆರಳಾಡಿಸಿ. ಸಣ್ಣ ಸಣ್ಣ ತೂತುಗಳು ಸಿಗುತ್ತವೆ. ಕಿಟಕಿ ಗಾಜಿನ ಪಕ್ಕದಿಂದ ಒಳಗಿಳಿದ ನೀರು ಹೊರಗೆ ಹೋಗುವ ದಾರಿ ಅದು. ಅಲ್ಲಿ ಕೆಸರು ಕೂತರೆ ನೀರು ಬಾಗಿಲೊಳಗೇ ನಿಂತು, ತುಕ್ಕು ಒಳಗಿನಿಂದ ಹಿಡಿಯುತ್ತದೆ. ಹೊರಗೆ ಪೇಂಟ್ ಗುಳ್ಳೆ ಎದ್ದು ಕಾಣುವಷ್ಟರಲ್ಲಿ ತಗಡು ಹೋಗಿರುತ್ತದೆ. ಒಂದು ಕಡ್ಡಿಯಿಂದ ತೂತು ಬಿಡಿಸಿ.

ಆಮೇಲೆ ಮ್ಯಾಟ್ ಎತ್ತಿ, ಸ್ಕ್ರೂಡ್ರೈವರಿನ ಹಿಡಿಯಿಂದ ನೆಲ ತಟ್ಟಿ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ತುಕ್ಕು ತಿಂದಲ್ಲಿ ದೊಬ್ ಅನ್ನುತ್ತದೆ. ಅಪ್ಪನ ಕಾರಿನಲ್ಲಿ ಕ್ಲಚ್ ಪೆಡಲಿನ ಕೆಳಗೆ ದೊಬ್ ಅಂದ ಜಾಗವನ್ನು ಚುಚ್ಚಿದೆ. ಸ್ಕ್ರೂಡ್ರೈವರ್ ಸೀದಾ ಕೆಳಗಿಳಿಯಿತು, ಆ ತೂತಿನಲ್ಲಿ ಶೆಡ್ಡಿನ ಮಣ್ಣು ಕಂಡಿತು. ಟಿಂಕರಿಂಗ್‌ನವರು ಅಂಗೈ ಅಗಲದ ತಗಡು ವೆಲ್ಡ್ ಮಾಡಿಕೊಟ್ಟರು.

ಹೊಸ ಕಾರಿನ ತಗಡು ತೆಳು ಇರಬಹುದು. ಆದರೆ ಇಡೀ ಬಾಡಿಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್ ಹಾಯಿಸುವುದರಿಂದ ಪ್ರೈಮರ್ ಸಂದುಗೊಂದಿಗೂ ಹಿಡಿದಿರುತ್ತದೆ. ಹಲವು ಕಡೆ ಸತು ಲೇಪಿಸಿದ ಉಕ್ಕು ಬೇರೆ. ತುಕ್ಕಿನ ಮಟ್ಟಿಗೆ ಹೊಸದೇ ಮೇಲು, ಅನುಮಾನ ಬೇಡ.

ಎರಡಕ್ಕೂ ಒಂದು ಎಚ್ಚರಿಕೆ. ವೈಪರಿನ ಬುಡದ ಗುಂಡಿಯಲ್ಲಿ ಸಿಲ್ವರ್ ಓಕ್ ಎಲೆ ತುಂಬಿಕೊಳ್ಳುತ್ತದೆ. ನೀರು ಇಳಿಯುವ ದಾರಿ ಕಟ್ಟಿದರೆ ಅದು ಕಾರಿನೊಳಗೆ ಬರುತ್ತದೆ. ಹಳೇದರಲ್ಲಿ ಮ್ಯಾಟ್ ಒದ್ದೆಯಾದರೆ ಒಣಗಿಸಿದರಾಯಿತು. ಹೊಸದರಲ್ಲಿ ಕಾರ್ಪೆಟ್ ಕೆಳಗೆ ವೈರಿಂಗ್ ಕನೆಕ್ಟರುಗಳು ಇರುತ್ತವೆ, ಅಲ್ಲಿ ನೀರು ನಿಂತರೆ ಖರ್ಚು ಜಾಸ್ತಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೈ ಹಾಕಿ ಎಲೆ ತೆಗೆಯಿರಿ.

2. ಬ್ರೇಕ್ ಆಯಿಲ್: ಇದನ್ನು ಮಾತ್ರ ಮರೆಯಬೇಡಿ

ಟೈರ್ ನೋಡುತ್ತೇವೆ, ಎಂಜಿನ್ ಆಯಿಲ್ ನೋಡುತ್ತೇವೆ, ಬ್ರೇಕ್ ಆಯಿಲ್ ಮಾತ್ರ ಯಾರೂ ಕೇಳುವುದಿಲ್ಲ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ವರ್ಷಕ್ಕೆ ನೂರು ಇಂಚಿಗೂ ಮೇಲೆ ಮಳೆ ಹೊಯ್ಯುವ ಮಡಿಕೇರಿ ಕಡೆ ಗಾಳಿಯಲ್ಲಿ ತೇವಕ್ಕೇನು ಕೊರತೆ? ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬ ನಿಯಮವಿದೆ. ಅದೇ ಆಯಿಲ್‌ಗೆ ತೇವ ಸೇರಿದ ಬಳಿಕ ಆ ಕನಿಷ್ಠ ಮಿತಿ ಬರೀ 155.

ಮಡಿಕೇರಿ 1,100 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿಂದ ಘಾಟಿಯಲ್ಲಿ ಸಂಪಾಜೆಗೆ ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಬಂದರೆ ಬಿಸಿಯೇರಿ ಆಯಿಲ್ ಕುದಿಯುತ್ತದೆ. ಪೈಪಿನಲ್ಲಿ ಆವಿಯ ಗುಳ್ಳೆ ಸೇರಿ, ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ಒಳಗೆ ಹೋಗುತ್ತದೆ. ಕಾರು ಯಾವ ಕಾಲದ್ದೇ ಆಗಲಿ, ಎರಡು ವರ್ಷಕ್ಕೊಮ್ಮೆ ಈ ಆಯಿಲ್ ಪೂರ್ತಿ ಬದಲಾಯಿಸಿ. ಇಳಿಜಾರಿನಲ್ಲಿ ಎರಡನೇ ಅಥವಾ ಮೂರನೇ ಗೇರಿನಲ್ಲೇ ಇಳಿಯಿರಿ.

ಡ್ರಮ್ ಬ್ರೇಕಿನ ಹಳೇ ಗಾಡಿಯಾದರೆ ನೀರು ದಾಟಿದ ಮೇಲೆ ನಿಧಾನವಾಗಿ ಓಡಿಸುತ್ತಾ ಬ್ರೇಕನ್ನು ಮೆಲ್ಲಗೆ ನಾಲ್ಕೈದು ಸಲ ಒತ್ತಿ ಒಣಗಿಸಬೇಕು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಜಾಮ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ, ಕಡ್ಡಾಯವಾಗಿದೆ. ಕಕ್ಕಡ ತಿಂಗಳ ಜಡಿಮಳೆಯಲ್ಲಿ, ಪಾಚಿ ಕಟ್ಟಿದ ತಿರುವಿನಲ್ಲಿ ಅದರ ಬೆಲೆ ನನಗೆ ಗೊತ್ತಾಗಿದೆ. ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುವಾಗ ನಾನು ತಮ್ಮನ ಕಾರನ್ನೇ ಕೇಳುತ್ತೇನೆ.

3. ಎಂಜಿನ್

ಮಳೆಗಾಲದ ಬೆಳಗ್ಗೆ ಅಪ್ಪನ ಕಾರು ಸ್ಟಾರ್ಟ್ ಆಗದಿದ್ದರೆ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು ಒಣ ಬಟ್ಟೆಯಲ್ಲಿ ಒರೆಸಬೇಕು. ಒಳಗೆ ಪಾಯಿಂಟ್ ಕಪ್ಪಾಗಿದ್ದರೆ ಎಮರಿ ಪೇಪರಿನಲ್ಲಿ ತಿಕ್ಕಬೇಕು. ಹತ್ತು ನಿಮಿಷದ ಕೆಲಸ, ಖರ್ಚಿಲ್ಲ. ತಮ್ಮನ ಕಾರಿನಲ್ಲಿ ಇದ್ಯಾವುದೂ ಇಲ್ಲ. ಒಮ್ಮೆ ಎಂಜಿನ್ ಲೈಟ್ ಹೊತ್ತಿಕೊಂಡಾಗ ನಮ್ಮೂರಿನ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, ‘ಅಣ್ಣಾ, ಸ್ಕ್ಯಾನರ್ ಹಾಕದೆ ನಾನು ಕೈ ಹಾಕಲ್ಲ’ ಅಂದ. ಅವನು ಹೇಳಿದ್ದು ಸರಿ. ಹಳೇ ಕಾರಿಗೆ ಕಿವಿಗೊಟ್ಟರೆ ಸಾಕು, ಹೊಸದಕ್ಕೆ ಯಂತ್ರ ಬೇಕು.

ಹಾಗಂತ ಹಳೇ ಎಂಜಿನ್ನೇ ಗಟ್ಟಿ ಅನ್ನಬೇಡಿ. ಅಂಬಾಸಿಡರ್, ಜೀಪುಗಳ ಕಾಲದಲ್ಲಿ ಎಂಜಿನ್ ಬಿಚ್ಚಿ, ಸವೆದ ಸಿಲಿಂಡರ್ ಕೊರೆಸಿ ಬೋರ್ ಮಾಡಿಸುವುದು ಮಾಮೂಲಿಯಾಗಿತ್ತು. ಈಗ ಎರಡು ಲಕ್ಷ ಕಿಲೋಮೀಟರ್ ಓಡಿದರೂ ಎಂಜಿನ್ ಬಿಚ್ಚದ ಕಾರುಗಳಿವೆ. ಅವಧಿಗೆ ಸರಿಯಾಗಿ ಆಯಿಲ್ ಬದಲಾಯಿಸಬೇಕು, ಅಷ್ಟೆ. ಪುಸ್ತಕದಲ್ಲಿ ಬರೆದ ಗ್ರೇಡನ್ನೇ ಹಾಕಿಸಿ. ರೇಡಿಯೇಟರಿಗೆ ಸುಮ್ನೆ ಬಾವಿ ನೀರು ಹುಯ್ಯಬೇಡಿ, ಕೂಲಂಟ್ ಹಾಕಿ.

4. ಡೀಸೆಲ್ ಕಾರು ಇದ್ದವರಿಗೆ

2020ರ ಏಪ್ರಿಲ್‌ನಿಂದ ಬಿಎಸ್ 6 ಎಂಬ ಹೊಗೆ ನಿಯಮ ಬಂತು. ಈ ಡೀಸೆಲ್ ಕಾರುಗಳ ಸೈಲೆನ್ಸರ್ ಸಾಲಿನಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿ ಒಂದೇ ಸಮ ಓಡಿದರೆ ಮಸಿ ಸುಟ್ಟುಹೋಗುತ್ತದೆ. ದಿನಾ ಮೂರು ಕಿಲೋಮೀಟರ್ ಶಾಲೆಗೆ ಹೋಗಿ ಬಂದರೆ ಸುಡುವುದಿಲ್ಲ, ಕಟ್ಟಿಕೊಳ್ಳುತ್ತದೆ. ತಿಂಗಳಿಗೆ ಒಂದೆರಡು ಸಲ ಕುಶಾಲನಗರ ದಾಟಿ ಪಿರಿಯಾಪಟ್ಟಣದ ಕಡೆ 60ರ ವೇಗದಲ್ಲಿ ಇಪ್ಪತ್ತು ನಿಮಿಷ ಓಡಿಸಿ. ತೋಟದೊಳಗೇ ಸುತ್ತುವವರು ಪೆಟ್ರೋಲ್ ಕಾರು ಕೊಳ್ಳುವುದೇ ಒಳ್ಳೆಯದು.

5. ಇಲಿ

ಶೆಡ್ಡಿನಲ್ಲಿ ಭತ್ತ, ಹಿಂಡಿ ಮೂಟೆ ಇದ್ದರೆ ಇಲಿ ಬಂದೇ ಬರುತ್ತದೆ, ಬೆಚ್ಚಗಿನ ಎಂಜಿನ್ ಮೇಲೆ ಮಲಗುತ್ತದೆ. ಹಳೇ ಕಾರಿನ ವೈರ್ ಕಡಿದರೆ ಇನ್ಸುಲೇಷನ್ ಟೇಪ್ ಸುತ್ತಿ ಮನೆಗೆ ಬರಬಹುದು. ಹೊಸದರಲ್ಲಿ ಒಂದು ಸೆನ್ಸರ್ ವೈರ್ ಹೋದರೂ ಕಾರು ನಿಲ್ಲಬಹುದು. ಮೂಟೆಗಳನ್ನು ಬೇರೆ ಕಡೆ ಇಡಿ.

6. ಬಿಡಿಭಾಗ, ಕಾಗದಪತ್ರ

ಮಾರುತಿ 800 ಬಂದದ್ದು 1983ರಲ್ಲಿ. ಅದರ ತಯಾರಿಕೆಯೂ ಅಂಬಾಸಿಡರಿನ ತಯಾರಿಕೆಯೂ ನಿಂತದ್ದು 2014ರಲ್ಲಿ. ಹಾಗಾಗಿ ಹಳೇ ಕಾರು ಕೊಳ್ಳುವ ಮುಂಚೆ ನಿಮ್ಮ ಮೆಕ್ಯಾನಿಕ್ ಹತ್ತಿರ ಬಿಡಿಭಾಗದ ಬಗ್ಗೆ ಕೇಳಿ. ಕಾರ್ಬುರೇಟರ್ ಕಾಲದ ಗಾಡಿಯಾದರೆ ಪೆಟ್ರೋಲ್ ಪೈಪುಗಳನ್ನು ಬಗ್ಗಿಸಿ ನೋಡಿ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ, ಹಳೇ ರಬ್ಬರಿಗೆ ಅದು ಒಗ್ಗುವುದಿಲ್ಲ. ಬಿರುಕು ಕಂಡರೆ ಬದಲಾಯಿಸಿ.

15 ವರ್ಷ ತುಂಬಿದ ಕಾರಿನ ಆರ್‌ಸಿ ನವೀಕರಿಸಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ. ಕಾರನ್ನೂ ತಪಾಸಣೆಗೆ ಒಯ್ಯಬೇಕಾಗುತ್ತದೆ. ಲೈಟ್, ಹಾರ್ನ್, ವೈಪರ್, ಹ್ಯಾಂಡ್ ಬ್ರೇಕ್ ಸರಿ ಮಾಡಿಸಿಕೊಂಡು, ಅವಧಿ ಮುಗಿಯುವವರೆಗೆ ಕಾಯದೆ ಮಡಿಕೇರಿ ಆರ್‌ಟಿಒಗೆ ಹೋಗಿ ಬನ್ನಿ.