ಒಂದೇ ಪಿತ್ತಕೋಶದ ಆಪರೇಷನ್, ದೇಶಕ್ಕೊಂದು ಲೆಕ್ಕ: ನನ್ನ ಅನುಭವ

ಆಸ್ಪತ್ರೆ ಕೋಡಿಂಗ್ ಕೆಲಸದಲ್ಲಿ, ಅಂದರೆ ಕಾಯಿಲೆ, ಆಪರೇಷನ್‌ಗಳಿಗೆ ಕೋಡ್ ಹಾಕುವ ಕೆಲಸದಲ್ಲಿ, ಇರುವವರನ್ನು ಜನ ಕೇಳುವ ಪ್ರಶ್ನೆ ಒಂದಿದೆ. ಇದೇ ಆಪರೇಷನ್‌ಗೆ ಬೇರೆ ದೇಶದಲ್ಲಿ ಆಸ್ಪತ್ರೆಗೆ ಎಷ್ಟು ಕೊಡ್ತಾರೆ? ಈ ಹೋಲಿಕೆ ಮಾಡುವ ಕೆಲಸ ನನ್ನ ಪಾಲಿಗೆ ಬಂದಾಗ ನಾನು ರೇಟುಗಳನ್ನು ಆಮೇಲೆ ನೋಡೋಣ ಅಂತ ಪಕ್ಕಕ್ಕಿಟ್ಟೆ. ಕಾಗದದ ಮೇಲೆ ಒಬ್ಬ ರೋಗಿಯನ್ನು ಮಾಡಿಕೊಂಡೆ. ಐವತ್ತರ ಆಸುಪಾಸಿನ ಹೆಂಗಸು, ಪಿತ್ತಕೋಶದಲ್ಲಿ ಕಲ್ಲು, ಜೊತೆಗೆ ಉರಿಯೂತ, ಲ್ಯಾಪ್ರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆದಿದ್ದಾರೆ. ಆಕೆಯನ್ನೇ ಒಂದೊಂದು ದೇಶದ ನಿಯಮದೊಳಗೂ ಹಾಕಿ ನೋಡಿದೆ. ಆಮೇಲೆ ಒಂದು ಸಲಕ್ಕೆ ಒಂದೇ ವಿವರ ಬದಲಿಸುತ್ತಾ ಹೋದೆ. ರೋಗಿ ಯಾವ ಗುಂಪಿಗೆ ಸೇರುತ್ತಾನೆ ಅಂತ ಹೇಳುವ ಅಮೆರಿಕ ಮತ್ತು ಇಂಗ್ಲೆಂಡಿನ ಗ್ರೂಪರ್ ಸಾಫ್ಟ್‌ವೇರ್, ಜರ್ಮನಿಯ ದರಪಟ್ಟಿ ಎಲ್ಲ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ.

ರೋಗಿಗಳನ್ನು ಕಾಯಿಲೆಗೆ ತಕ್ಕಂತೆ ಗುಂಪು ಮಾಡುವ ಡಿಆರ್‌ಜಿ (ಡಯಾಗ್ನೋಸಿಸ್ ರಿಲೇಟೆಡ್ ಗ್ರೂಪ್) ಪದ್ಧತಿ ಹುಟ್ಟಿದ್ದು ಯೇಲ್ ವಿಶ್ವವಿದ್ಯಾಲಯದಲ್ಲಿ, ರಾಬರ್ಟ್ ಫೆಟರ್ ಮತ್ತು ಜಾನ್ ಥಾಂಪ್ಸನ್ ಕೈಯಲ್ಲಿ. 1983ರಲ್ಲಿ ಅಮೆರಿಕದ ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ) ಅದರ ಮೇಲೆ ದುಡ್ಡು ಕೊಡಲು ಶುರು ಮಾಡಿತು. ಖರ್ಚು ಹೆಚ್ಚುಕಡಿಮೆ ಒಂದೇ ಆಗುವ ರೋಗಿಗಳನ್ನು ಒಂದು ಗುಂಪಿಗೆ ಸೇರಿಸು, ಗುಂಪಿಗೊಂದು ತೂಕ ಕೊಡು, ತೂಕವನ್ನು ಮೂಲ ದರದಿಂದ ಗುಣಿಸು. ಅಷ್ಟೇ. ನನ್ನ ರೋಗಿ ಅಮೆರಿಕದಲ್ಲಿ 419ನೇ ಗುಂಪಿಗೆ ಬಿದ್ದಳು. ಆಸ್ಟ್ರೇಲಿಯಾದಲ್ಲೂ ಜರ್ಮನಿಯಲ್ಲೂ ಎಚ್08ಕ್ಕೆ. ಎರಡು ಕಡೆ ಒಂದೇ ಸಂಖ್ಯೆ ಕಂಡರೆ ಆಶ್ಚರ್ಯ ಬೇಡ, ಜರ್ಮನಿ 2003ರಲ್ಲಿ ಆಸ್ಟ್ರೇಲಿಯಾದ ಪದ್ಧತಿಯನ್ನೇ ತಂದು ತನಗೆ ಬೇಕಾದ ಹಾಗೆ ತಿದ್ದಿಕೊಂಡಿತು. ಇಂಗ್ಲೆಂಡಿನದು ಬೇರೆಯೇ ಗುಂಪು ಪದ್ಧತಿ, ಹೆಸರು ಎಚ್‌ಆರ್‌ಜಿ.

ಇಲ್ಲಿಂದ ಮಜಾ ಶುರು. ಮೊದಲು ಬೇರೆ ಕಾಯಿಲೆಗಳನ್ನು ಸೇರಿಸಿದೆ. ತೊಡಕಿಲ್ಲದ ಸಕ್ಕರೆ ಕಾಯಿಲೆ ಸೇರಿಸಿದರೆ ಅಮೆರಿಕದಲ್ಲಿ ಏನೂ ಅಲುಗಾಡಲಿಲ್ಲ. ಆಪರೇಷನ್ ಆದಮೇಲೆ ಕಿಡ್ನಿ ದಿಢೀರನೆ ಕೈಕೊಟ್ಟಿತು ಅಂದೆ, 418 ಆಯಿತು. ಸೆಪ್ಸಿಸ್ (ಸೋಂಕು ಮೈಯೆಲ್ಲ ಕೆಡಿಸುವ ಸ್ಥಿತಿ) ಆಯಿತು ಅಂದೆ, 417. ಇಲ್ಲಿ ಸಂಖ್ಯೆ ಇಳಿದಷ್ಟೂ ದುಡ್ಡು ಜಾಸ್ತಿ. ಅಲ್ಲಿಗೆ ಮುಗಿಯಿತು, ಇನ್ನು ಎಷ್ಟು ಕಾಯಿಲೆ ಬರೆದರೂ ಮೇಲೆ ಹೋಗುವ ಮೆಟ್ಟಿಲೇ ಇಲ್ಲ, ಯಾಕೆಂದರೆ ಅಲ್ಲಿ ದೊಡ್ಡ ತೊಡಕು ಒಂದಿದ್ದರೂ ಒಂದೇ, ನಾಲ್ಕಿದ್ದರೂ ಒಂದೇ. ಆಸ್ಟ್ರೇಲಿಯಾ, ಜರ್ಮನಿಯಲ್ಲಿ ಹಾಗಲ್ಲ. ಪ್ರತಿ ಕಾಯಿಲೆಗೂ ಅಂಕ ಇದೆ, ಹೆಚ್ಚು ಅಂಕದ್ದು ಪೂರ್ತಿ ಲೆಕ್ಕಕ್ಕೆ, ಅದರ ಕೆಳಗಿನವು ಕಡಿಮೆಯಾಗುತ್ತಾ ಲೆಕ್ಕಕ್ಕೆ ಬರುತ್ತವೆ. ಇಂಗ್ಲೆಂಡಿನಲ್ಲಿ ಅಂಕಗಳನ್ನು ಸುಮ್ನೆ ಕೂಡುತ್ತಾರೆ. ಹಾಗಾಗಿ ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದು ಸಾಲು ಬಿಟ್ಟುಹೋದರೆ ಆಗುವ ನಷ್ಟ ದೇಶಕ್ಕೆ ತಕ್ಕ ಹಾಗೆ ಬೇರೆ.

ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು ಪರೀಕ್ಷೆ. ಅದೇ ಹೆಂಗಸು ನ್ಯುಮೋನಿಯಾ ಅಂತ ಅಡ್ಮಿಟ್ ಆದಳು, ಅದೇ ಸಲ ಪಿತ್ತಕೋಶವನ್ನೂ ತೆಗೆದರು ಅಂದುಕೊಳ್ಳಿ. ಅಮೆರಿಕ, ಆಸ್ಟ್ರೇಲಿಯಾ, ಜರ್ಮನಿ ಮೂರೂ ಮೊದಲು ಕೇಳುವುದು ಮುಖ್ಯ ಕಾಯಿಲೆ ಯಾವುದು ಅಂತ. ಉತ್ತರ ಶ್ವಾಸಕೋಶದ್ದು, ಆಪರೇಷನ್ ಪಿತ್ತಕೋಶದ್ದು, ಎರಡಕ್ಕೂ ತಾಳೆಯಿಲ್ಲ. ಆಗ ಆಕೆ 'ಕಾಯಿಲೆಗೆ ಸಂಬಂಧವಿಲ್ಲದ ಆಪರೇಷನ್' ಎನ್ನುವ ಗುಂಪಿಗೆ ಹೋಗುತ್ತಾಳೆ. ಅಮೆರಿಕದಲ್ಲಿ ಅದು 980ರ ಸಾಲು, ಆಸ್ಟ್ರೇಲಿಯಾದಲ್ಲಿ 801, ಜರ್ಮನಿಯಲ್ಲಿ 901. ಇಂಗ್ಲೆಂಡಿನ ಗ್ರೂಪರ್ ಮೊದಲು ಕೇಳುವುದೇ ಆಪರೇಷನ್ ಏನು ಅಂತ. ಹಾಗಾಗಿ ಅಲ್ಲಿ ಆಕೆ ತಕರಾರಿಲ್ಲದೆ ಪಿತ್ತಕೋಶದ ಗುಂಪಿಗೇ ಬರುತ್ತಾಳೆ. ಒಂದು ಎಚ್ಚರ ಇದೆ: ಇಂಗ್ಲೆಂಡಿನ ಕೋಡಿಂಗ್‌ನಲ್ಲಿ ಪಿತ್ತಕೋಶ ತೆಗೆದದ್ದಕ್ಕೆ ಒಂದು ಕೋಡ್, ಲ್ಯಾಪ್ರೋಸ್ಕೋಪಿಯಲ್ಲಿ ತೆಗೆದದ್ದು ಅನ್ನುವುದಕ್ಕೆ ಬೇರೊಂದು ಕೋಡ್. ಎರಡನೆಯದು ಹಾಕದಿದ್ದರೆ ಲ್ಯಾಪ್ರೋಸ್ಕೋಪಿ ನಡೆದದ್ದು ದಾಖಲೆಯಲ್ಲೇ ಇರುವುದಿಲ್ಲ.

ಇನ್ನು ಎಷ್ಟು ದಿನ ಮಲಗಿದ್ದಳು ಅನ್ನುವ ಮಾತು. ಜರ್ಮನಿಯಲ್ಲಿ ಹೆಚ್ಚಿನ ಗುಂಪುಗಳಿಗೆ ದಿನಗಳ ಮೇಲಿನ ಮಿತಿಯೂ ಕೆಳಗಿನ ಮಿತಿಯೂ ಇದೆ. ಬೇಗ ಮನೆಗೆ ಕಳಿಸಿದರೆ ದುಡ್ಡು ಕಡಿತ, ತುಂಬ ದಿನ ಇಟ್ಟರೆ ದಿನದ ಲೆಕ್ಕದಲ್ಲಿ ಸ್ವಲ್ಪ ಹೆಚ್ಚಿಗೆ. ಜಪಾನ್ 2003ರಲ್ಲಿ ತಂದ ಡಿಪಿಸಿ ಪದ್ಧತಿಯಂತೂ ದಿನಬಾಡಿಗೆಯ ಹಾಗೆ. ಮೊದಲ ದಿನಗಳಿಗೆ ಜಾಸ್ತಿ, ಆಮೇಲೆ ಹಂತಹಂತವಾಗಿ ಕಡಿಮೆ. ಆಪರೇಷನ್ ಮತ್ತು ಅರಿವಳಿಕೆಯ ದುಡ್ಡು ಅದರಲ್ಲಿ ಸೇರಿಲ್ಲ, ಅದಕ್ಕೆ ಬೇರೆ ಪಾಯಿಂಟ್, ಪಾಯಿಂಟಿಗೆ 10 ಯೆನ್.

ರೇಟ್ ಅಂಕಣ ತೆರೆಯುವ ಮೊದಲು ನಾನು ಪ್ರತಿ ದೇಶದ ಎದುರು ಒಂದು ಪ್ರಶ್ನೆ ಬರೆದುಕೊಂಡೆ: ಈ ದುಡ್ಡಿನಲ್ಲಿ ಏನೇನು ಸೇರಿದೆ? ಮೆಡಿಕೇರ್ ಆಸ್ಪತ್ರೆಗೆ ಕೊಡುವ ಡಿಆರ್‌ಜಿ ಹಣದಲ್ಲಿ ಸರ್ಜನ್ ಫೀಸ್ ಇಲ್ಲ, ಅದರ ಬಿಲ್ ಬೇರೆ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಸರ್ಜನ್ ಸಂಬಳವೂ ಆ ದರದೊಳಗೇ ಇದೆ. ಜರ್ಮನಿ 2020ರಿಂದ ವಾರ್ಡಿನ ನರ್ಸಿಂಗ್ ಖರ್ಚನ್ನು ಡಿಆರ್‌ಜಿಯಿಂದ ಹೊರಗೆ ತೆಗೆದು ಬೇರೆಯಾಗಿ ಕೊಡುತ್ತಿದೆ. 2019ರ ತೂಕವನ್ನೂ 2020ರ ತೂಕವನ್ನೂ ಪಕ್ಕಪಕ್ಕ ಇಟ್ಟು ಆಪರೇಷನ್ ಅಗ್ಗವಾಯಿತು ಅಂದುಕೊಂಡರೆ ಕೆಟ್ಟಂತೆ.

ಕೊನೆಗೆ ಉಳಿದದ್ದು ಅದೇ ದಿನ ಮನೆಗೆ ಹೋಗುವ ರೋಗಿ. ಅಮೆರಿಕದಲ್ಲಿ ಮೊದಲೇ ದಿನ ಗೊತ್ತುಮಾಡಿದ ಪಿತ್ತಕೋಶದ ಆಪರೇಷನ್‌ಗಳಲ್ಲಿ ಹೆಚ್ಚಿನವು ಒಂದೇ ದಿನದಲ್ಲಿ ಮುಗಿಯುತ್ತವೆ, ಆ ರೋಗಿಗಳು ಡಿಆರ್‌ಜಿ ಲೆಕ್ಕಕ್ಕೇ ಬರುವುದಿಲ್ಲ, ಹೊರರೋಗಿಗಳ ದರಪಟ್ಟಿಗೆ ಹೋಗುತ್ತಾರೆ. ಅಂದರೆ 419ರಲ್ಲಿ ಉಳಿದವರು ಸ್ವಲ್ಪ ಹೆಚ್ಚು ನರಳಿದವರೇ, ಅಲ್ವಾ? ಜರ್ಮನಿ 2024ರಲ್ಲಿ ಹರ್ನಿಯಾದಂಥ ಕೆಲವು ಆಪರೇಷನ್‌ಗಳಿಗೆ ಹೈಬ್ರಿಡ್ ಡಿಆರ್‌ಜಿ ತಂದಿತು, ರಾತ್ರಿ ಉಳಿದರೂ ಅದೇ ದುಡ್ಡು, ಉಳಿಯದಿದ್ದರೂ ಅದೇ. ಅದಕ್ಕೇ ನನ್ನ ಹಾಳೆಯಲ್ಲಿ ರೇಟಿನ ಪಕ್ಕದಲ್ಲೇ 'ಎಲ್ಲಿ ಮಾಡಿದರು' ಅನ್ನುವ ಅಂಕಣ ಇದೆ. ಅದು ಖಾಲಿ ಇರುವ ಸಾಲನ್ನು ನಾನು ಹೋಲಿಕೆಗೆ ತೆಗೆದುಕೊಳ್ಳುವುದಿಲ್ಲ.