ಮೂರು ನಿಮಿಷ ಮಾತು, 71 ಸಹಿ

ಆ ಲಕೋಟೆಯನ್ನು ಜಾಹೀರಾತು ಅಂದುಕೊಂಡು ಮೊದಲು ರದ್ದಿಗೆ ಹಾಕಿದ್ದೆ. ಕೌಂಟಿಯ (ಅಮೆರಿಕದ ಜಿಲ್ಲಾಡಳಿತ ಅನ್ನಿ) ಮುದ್ರೆ ಕಂಡ ಮೇಲೆ ವಾಪಸ್ ಎತ್ತಿಕೊಂಡೆ.

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟದ ತಪ್ಪಲಲ್ಲಿ ನಮ್ಮ ಮನೆ. ಇಲ್ಲಿ ನಗರಸಭೆ ಅನ್ನೋದೇ ಇಲ್ಲ. ನಮ್ಮ ಕಡೆಯ 140 ಮನೆಗಳಿಗೆ ನೀರು ಬಿಡುವುದೂ ಕೌಂಟಿಯೇ. ಒಂದು ಬೋರ್‌ವೆಲ್, ಒಂದು ಟ್ಯಾಂಕ್, ಹಳೇ ಪೈಪು, ಅಷ್ಟೇ. ತಿಂಗಳ ಬಿಲ್ಲನ್ನು 62 ಡಾಲರ್‌ನಿಂದ ಒಂದೇ ಸಲಕ್ಕೆ 98ಕ್ಕೆ ಏರಿಸುತ್ತೇವೆ, ಇಂಥ ದಿನ ಹಿಯರಿಂಗ್ (ಜನರ ಅಹವಾಲು ಕೇಳುವ ಸಭೆ) ಇದೆ ಅಂತ ನೋಟಿಸಿನಲ್ಲಿ ಬರೆದಿತ್ತು.

ಹಿಯರಿಂಗ್ ಅಂದರೆ ಹೋಗಿ ಜೋರಾಗಿ ಮಾತಾಡುವುದು ಅಂತಲೇ ನನ್ನ ತಲೆಯಲ್ಲಿತ್ತು. ನೋಟಿಸ್ ಪೂರ್ತಿ ಓದಿದ ಮೇಲೆ ಗೊತ್ತಾಯಿತು, ಇದು ಲೆಕ್ಕದ ಆಟ. 1996ರಲ್ಲಿ ಈ ರಾಜ್ಯದ ಮತದಾರರು ಪ್ರೊಪೊಸಿಷನ್ 218 ಅನ್ನುವ ಕಾನೂನು ತಂದರು. ಅದರ ಪ್ರಕಾರ ನೀರಿನ ದರ ಏರಿಸಬೇಕಾದರೆ ಹಿಯರಿಂಗಿಗೆ ಕನಿಷ್ಠ 45 ದಿನ ಮೊದಲೇ ಮನೆಮನೆಗೆ ತಿಳಿಸಬೇಕು. ಅರ್ಧಕ್ಕಿಂತ ಜಾಸ್ತಿ ಜಾಗಗಳಿಂದ ಲಿಖಿತ ತಕರಾರು ಬಂದರೆ ಏರಿಸುವ ಹಾಗಿಲ್ಲ. ಒಂದು ಜಾಗಕ್ಕೆ ಒಂದೇ ತಕರಾರು. ಸುಮ್ನೆ ಕೂತವರು ಒಪ್ಪಿದ ಹಾಗೇ ಲೆಕ್ಕ. ಅಂದರೆ ನಮಗೆ 71 ಬೇಕು.

ಸಂಜೆ ಹೊತ್ತು ಮನೆಮನೆಗೆ ಹೋದೆ. ನಾಯಿಗಳು, ಉದ್ದುದ್ದ ಮಣ್ಣಿನ ದಾರಿ, ಒಂದೊಂದು ಕಡೆ ಅರ್ಧ ಗಂಟೆ ಹರಟೆ. ಕೆಲವು ಮನೆಗಳಿಗೆ ಬೇಸಿಗೆಯಲ್ಲಿ ಮಾತ್ರ ಜನ ಬರುತ್ತಾರೆ, ಮಾಲೀಕರು ಇರುವುದು ಸ್ಯಾನ್ ಫ್ರಾನ್ಸಿಸ್ಕೋ ಕಡೆ. ತಕರಾರನ್ನು ಇಮೇಲ್‌ನಲ್ಲೇ ಕಳಿಸಿ ಅಂತ ಅಂಥವರಿಗೆ ಹೇಳಿದೆ. 11 ಜನ ಮಾಡಿದರು. ಕಾಗದದ ಮೇಲೆ 64 ಸಹಿ ಸೇರಿತು. 75 ಆಯ್ತಲ್ಲ, ಗೆದ್ದೆವು ಅಂದುಕೊಂಡೆ.

ಈ ನಡುವೆ ದರ ಹೇಗೆ ಲೆಕ್ಕ ಹಾಕಿದ್ದಾರೆ ತೋರಿಸಿ ಅಂತ ಕಚೇರಿಗೂ ಹೋಗಿದ್ದೆ. ಸೇವೆಗೆ ತಗಲುವ ಖರ್ಚಿಗಿಂತ ಜಾಸ್ತಿ ವಸೂಲಿ ಮಾಡಬಾರದು ಅಂತ ಅದೇ ಕಾನೂನಿನಲ್ಲಿದೆ. ಅಲ್ಲಿನ ಎಂಜಿನಿಯರ್ ಒಂದು ಗಂಟೆ ಕೂತು ವಿವರಿಸಿದರು. ಮೇಜಿನ ಮೇಲೆ ನಮ್ಮ ರಸ್ತೆಯಿಂದಲೇ ಕಿತ್ತ ಗೇಣುದ್ದದ ಪೈಪಿನ ತುಂಡು ಇಟ್ಟಿದ್ದರು. ಒಳಗೆ ತುಕ್ಕು ಕಟ್ಟಿ ಕಟ್ಟಿ, ನನ್ನ ಹೆಬ್ಬೆರಳೂ ಹೋಗಲಿಲ್ಲ. ನಾವು ಕುಡೀತಿದ್ದ ನೀರು ಅದರೊಳಗಿಂದ ಬರುತ್ತಿತ್ತು! ನನ್ನ ಅರ್ಧ ಸಿಟ್ಟು ಅಲ್ಲೇ ಇಳಿಯಿತು. ದುಡ್ಡು ಬೇಕು ನಿಜ, ಆದರೆ ಒಂದೇ ಏಟಿಗೆ ಯಾಕೆ ಅನ್ನುವ ಪ್ರಶ್ನೆ ಮಾತ್ರ ಉಳಿಯಿತು.

ಹಿಯರಿಂಗ್ ದಿನ ಬೆಳಿಗ್ಗೆ ಕ್ಲರ್ಕ್ ನನ್ನ ಕಟ್ಟು ನೋಡಿ, ಇಮೇಲ್ ಪ್ರತಿಗಳನ್ನು ಮೆತ್ತಗೆ ಪಕ್ಕಕ್ಕೆ ಸರಿಸಿದರು. ಸಹಿ ಇಲ್ಲದ್ದು ನಡೆಯಲ್ಲ ಅಂತ ನೋಟಿಸಿನ ಹಿಂದಿನ ಪುಟದಲ್ಲಿ ಸಣ್ಣಕ್ಷರದಲ್ಲಿ ಇತ್ತಂತೆ. ಇತ್ತು. ನಾನೇ ಓದಿರಲಿಲ್ಲ. ಹಿಯರಿಂಗ್ ಮುಗಿಯುವವರೆಗೆ ಸಹಿ ತರಬಹುದಿತ್ತು, ಆದರೆ ಅಷ್ಟು ದೂರದಿಂದ ಆಗ ಯಾರು ಓಡಿ ಬರ್ತಾರೆ? 64ಕ್ಕೇ ನಿಂತೆವು.

ಆದರೂ ಮಾತಾಡುವ ಸರದಿ ಇತ್ತು. ಮೇಲೆ ಐದು ಜನ ಸೂಪರ್‌ವೈಸರ್‌ಗಳು, ಅಂದರೆ ಕೌಂಟಿ ನಡೆಸುವ ಚುನಾಯಿತ ಸದಸ್ಯರು. ಕೆಳಗೆ ಹಸಿರು, ಹಳದಿ, ಕೆಂಪು ದೀಪ. ತಲೆಗೆ ಮೂರು ನಿಮಿಷ. ನಮ್ಮೂರ ಗ್ರಾಮಸಭೆಯಲ್ಲಿ ಪ್ರಶ್ನೆ ಕೇಳಿದರೆ ಅಧ್ಯಕ್ಷರು ಬೈದಾದರೂ ಉತ್ತರ ಕೊಡುತ್ತಿದ್ದರು. ಇಲ್ಲಿ ಜನ ಮಾತಾಡಿ ಮುಗಿಸುವ ತನಕ ಯಾರೂ ತುಟಿ ಬಿಚ್ಚಲ್ಲ. ಅದು ಅಸಡ್ಡೆ ಅಲ್ಲ, ಇಲ್ಲಿನ ರೂಢಿ ಅಂತ ಆಮೇಲೆ ಅರ್ಥವಾಯಿತು. ನನಗಿಂತ ಮುಂಚೆ ಮಾತಾಡಿದವರು ಸರ್ಕಾರ, ತೆರಿಗೆ, ಎಲ್ಲವನ್ನೂ ಬೈದು ಕೆಂಪು ದೀಪಕ್ಕೆ ಸಿಕ್ಕಿಬಿದ್ದರು. ನಾನು ಒಂದೇ ಒಂದು ಕೇಳಿದೆ: ನೋಟಿಸಿನಲ್ಲಿ ಹೇಳಿದ್ದಕ್ಕಿಂತ ಕಡಿಮೆ ದರ ಇಡುವ ಅಧಿಕಾರ ನಿಮಗಿದೆ, ಮೂರು ವರ್ಷಕ್ಕೆ ಹಂಚಿ. ಹಳದಿ ದೀಪ ಬರುವ ಮುಂಚೆಯೇ ಕೂತೆ.

ಐವರಲ್ಲಿ ಮೂವರು ಒಪ್ಪಿದರು. 74, ಆಮೇಲೆ 86, ಆಮೇಲೆ 98.

ವರ್ಷದ ಕೊನೆಯಲ್ಲಿ ಇನ್ನೊಂದು ಪಟ್ಟಿ ಕಣ್ಣಿಗೆ ಬಿತ್ತು. 1975ರ ಮ್ಯಾಡಿ ಆಕ್ಟ್ ಪ್ರಕಾರ, ಸ್ಥಳೀಯ ಸಮಿತಿಗಳಲ್ಲಿ ಯಾವ ಸೀಟು ಖಾಲಿ, ಯಾರ ಅವಧಿ ಮುಗಿಯುತ್ತೆ ಅನ್ನೋದನ್ನು ಡಿಸೆಂಬರ್ 31ರೊಳಗೆ ಪಟ್ಟಿ ಮಾಡಬೇಕು. ನಮ್ಮ ನೀರಿನ ಸಲಹಾ ಸಮಿತಿಯ ಐದರಲ್ಲಿ ಎರಡು ಸೀಟು ಖಾಲಿ, ಒಂದೂ ಅರ್ಜಿ ಇಲ್ಲ. ಅಷ್ಟೊಂದು ಬೈದವರು ಎಲ್ಲಿ ಹೋದರೋ! ಒಂದು ಹಾಳೆ ತುಂಬಿ ಕೊಟ್ಟೆ, ತಗೊಂಡರು.

ಒಳಗೆ ಹೋದ ಮೇಲೆ ಬ್ರೌನ್ ಆಕ್ಟ್ ಬಿಸಿ ತಟ್ಟಿತು. ಸ್ಥಳೀಯ ಸಂಸ್ಥೆಗಳ ಸಭೆ ಜನರ ಮುಂದೆಯೇ ನಡೆಯಬೇಕು ಅನ್ನುವ 1953ರ ಕಾನೂನು ಇದು. ಮಾಮೂಲಿ ಸಭೆಗೆ 72 ಗಂಟೆ ಮೊದಲೇ ಅಜೆಂಡಾ ಹಚ್ಚಬೇಕು. ಅದರಲ್ಲಿಲ್ಲದ ವಿಷಯಕ್ಕೆ ಕೈ ಹಾಕುವ ಹಾಗಿಲ್ಲ. ಐವರಲ್ಲಿ ಮೂವರು ಸಭೆಯ ಹೊರಗೆ ಸೇರಿ ಸಮಿತಿಯ ವಿಷಯ ಚರ್ಚಿಸುವ ಹಾಗೂ ಇಲ್ಲ.

ಕಳೆದ ದೀಪಾವಳಿಗೆ ಅಕ್ಕಪಕ್ಕದವರನ್ನು ಊಟಕ್ಕೆ ಕರೆದಿದ್ದೆ. ಎರಡನೇ ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳುತ್ತಾ ಒಬ್ಬರು ಪಂಪಿನ ವಿಷಯ ಎತ್ತಿದರು. ಲೆಕ್ಕ ಹಾಕಿದರೆ ಸಮಿತಿಯವರು ನಾವು ಮೂವರಿದ್ದೆವು. ತಟ್ಟನೆ ಸುಮ್ಮನಾದೆವು. ಮಳೆ ಬಗ್ಗೆ ಮಾತಾಡೋಣ ಅಂದರೆ, ಅದೂ ನೀರೇ ಅಲ್ವಾ?