ಎಷ್ಟು ಗ್ರಾಂ ತೂಗಬೇಕು? ಮೊದಲು ಡಬ್ಬಿಯ ಚೀಟಿ ಓದಿ

ಕೈಯಲ್ಲಿ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ ಡಬ್ಬಿ, ಎದುರಿಗೆ 250 ಮಿಲಿಲೀಟರಿನ ಫ್ಲಾಸ್ಕ್, ಹಾಳೆಯಲ್ಲಿ ಒಂದೇ ಸಾಲಿನ ಸೂಚನೆ: ‘0.2 ಮೋಲಾರ್ ದ್ರಾವಣ ತಯಾರಿಸಿ’. ಎಷ್ಟು ಗ್ರಾಂ ತೂಗಬೇಕೆಂಬುದನ್ನು ನಾವೇ ಕಂಡುಕೊಳ್ಳಬೇಕು.

ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ದ್ರಾವ್ಯ (ಕರಗಿರುವ ವಸ್ತು) ಇದೆ ಎಂಬುದೇ ಮೋಲಾರಿಟಿ. ಮೋಲ್ ಎಂಬುದು ಡಜನ್‌ನಂತೆ ಎಣಿಕೆಯ ಮಾತು; ತಕ್ಕಡಿಗೆ ಗೊತ್ತಿರುವುದು ಗ್ರಾಂ ಮಾತ್ರ. ಎರಡನ್ನೂ ಬೆಸೆಯುವುದು ಮೋಲಾರ್ ರಾಶಿ, ಅಂದರೆ ಒಂದು ಮೋಲ್ ವಸ್ತು ಎಷ್ಟು ಗ್ರಾಂ ತೂಗುತ್ತದೆ ಎಂಬ ಸಂಖ್ಯೆ. ಹಾಗಾಗಿ ಸೂತ್ರ ಇಷ್ಟೇ:

ಬೇಕಾದ ಗ್ರಾಂ = ಮೋಲಾರಿಟಿ × ಗಾತ್ರ (ಲೀಟರ್‌ಗಳಲ್ಲಿ) × ಮೋಲಾರ್ ರಾಶಿ

ಮೊದಲು ಮಿಲಿಲೀಟರನ್ನು ಲೀಟರಿಗೆ ತನ್ನಿ. 250 ಮಿಲಿಲೀಟರ್ ಎಂದರೆ 0.25 ಲೀಟರ್. ಇದನ್ನು 0.2ರಿಂದ ಗುಣಿಸಿದರೆ 0.05 ಮೋಲ್. ಈ ಹೆಜ್ಜೆ ಮರೆತವರಿಗೆ ಉತ್ತರ ಸಾವಿರ ಪಟ್ಟು ದೊಡ್ಡದಾಗಿ ಬರುತ್ತದೆ. ಪುಟ್ಟ ಫ್ಲಾಸ್ಕಿಗೆ ಹನ್ನೆರಡೂವರೆ ಕಿಲೊ ಪುಡಿ ತುರುಕಿ ಎಂದು ಲೆಕ್ಕ ಹೇಳಿದರೆ ಅಲ್ಲೇ ನಿಂತು ಹಿಂತಿರುಗಿ ನೋಡಬೇಕು.

ಮುಂದಿನದು ಮೋಲಾರ್ ರಾಶಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ತಾಮ್ರದ ಸಲ್ಫೇಟಿನಲ್ಲಿರುವ ಪರಮಾಣುಗಳ ರಾಶಿಗಳನ್ನು ಕೂಡಿಸಬೇಕು: ತಾಮ್ರ 63.55, ಗಂಧಕ 32.06, ನಾಲ್ಕು ಆಮ್ಲಜನಕ 64.00, ಕೂಡಿದರೆ 159.61. ಆದರೆ ಇದು ನೀರಿಲ್ಲದ ಬಿಳಿ ಪುಡಿಯ ಲೆಕ್ಕ. ಡಬ್ಬಿಯಲ್ಲಿ ಹೊಳೆಯುವ ನೀಲಿ ಹರಳಿನಲ್ಲಿ ಪ್ರತಿ ತಾಮ್ರದ ಸಲ್ಫೇಟಿಗೂ ಐದು ನೀರಿನ ಅಣುಗಳು ಸೇರಿಕೊಂಡಿರುತ್ತವೆ. ಆ ಸ್ಫಟಿಕ ಜಲದ 90.08 ಸೇರಿಸಿದರೆ ಮೊತ್ತ 249.69. ಈಗ 0.05 × 249.69 = 12.48 ಗ್ರಾಂ. ಬಿಳಿ ಪುಡಿಯಾಗಿದ್ದರೆ 7.98 ಗ್ರಾಂ ಸಾಕಿತ್ತು.

ಚೀಟಿ ಓದದೆ ನೀಲಿ ಹರಳನ್ನೇ 7.98 ಗ್ರಾಂ ತೂಗಿದಿರೆನ್ನಿ. ಸಿಗುವುದು 0.128 ಮೋಲಾರ್. ಕಣ್ಣಿಗೆ ಅದೂ ಚೆಂದದ ನೀಲಿಯೇ. ತಪ್ಪನ್ನು ಬಣ್ಣ ಹೇಳಿಕೊಡುವುದಿಲ್ಲ. ಹರಳಿನೊಳಗಿನ ನೀರನ್ನು ಆಮೇಲೆ ಹಾಕುವ ನೀರಿನಿಂದ ಕಳೆಯಬೇಕೇ ಎಂದು ಕೆಲವರು ಕೇಳುವುದುಂಟು. ಬೇಕಿಲ್ಲ. ಒಟ್ಟು ದ್ರಾವಣವನ್ನು ಫ್ಲಾಸ್ಕಿನ ಕತ್ತಿನ ಮೇಲಿರುವ 250 ಮಿಲಿಲೀಟರಿನ ಗೆರೆಯವರೆಗೆ ತುಂಬುವುದರಿಂದ ಆ ಲೆಕ್ಕ ತಾನಾಗಿಯೇ ಸರಿಹೋಗುತ್ತದೆ.

ಚೀಟಿಯಲ್ಲಿ ಶುದ್ಧತೆಯನ್ನೂ ಗಮನಿಸಿ. ಶೇ 98 ಎಂದಿದ್ದರೆ 12.48ನ್ನು 0.98ರಿಂದ ಭಾಗಿಸಿ, 12.73 ಗ್ರಾಂ ತೂಗಿ.

ಇನ್ನು ಕೈಕೆಲಸ. ಖಾಲಿ ಬೀಕರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು ಹರಳು ತೂಗಿ, ಸುಮಾರು 100 ಮಿಲಿಲೀಟರ್ ಭಟ್ಟಿ ಇಳಿಸಿದ ನೀರಿನಲ್ಲಿ ಪೂರ್ತಿ ಕರಗಿಸಿ. ಕರಗಿಸಲು ಬಿಸಿ ಮಾಡಿದ್ದರೆ ತಣಿಯಲು ಬಿಡಿ. ಆಲಿಕೆಯ ಮೂಲಕ ಫ್ಲಾಸ್ಕಿಗೆ ಸುರಿದು, ಬೀಕರು, ಗಾಜಿನ ಕಡ್ಡಿ, ಆಲಿಕೆಗಳನ್ನು ಎರಡು ಮೂರು ಸಲ ತೊಳೆದ ನೀರನ್ನೂ ಅದಕ್ಕೇ ಸೇರಿಸಿ. ಅಂಚಿಗೆ ಅಂಟಿದ ನೀಲಿಯೂ ನೀವು ತೂಗಿದ್ದರಲ್ಲೇ ಸೇರಿದ್ದು. 250 ಮಿಲಿಲೀಟರ್ ನೀರನ್ನು ಪ್ರತ್ಯೇಕವಾಗಿ ಅಳೆದು ಹರಳಿಗೆ ಸುರಿಯುವುದು ತಪ್ಪು ಕ್ರಮ. ಗೆರೆಯ ಹತ್ತಿರಕ್ಕೆ ಬಂದ ಮೇಲೆ ಡ್ರಾಪರ್‌ನಿಂದ ಹನಿ ಹನಿಯಾಗಿ ಹಾಕಿ. ಗೆರೆಯನ್ನು ಕಣ್ಣಿನ ಮಟ್ಟಕ್ಕೆ ತಂದು ನೋಡಿದಾಗ, ನಡುವೆ ತಗ್ಗಾಗಿ ಬಾಗಿದ ದ್ರಾವಣದ ಮೇಲ್ಮೈಯ ತಳ ಗೆರೆಯನ್ನು ಮುಟ್ಟಿರಬೇಕು. ಒಂದು ಹನಿ ಹೆಚ್ಚಾಯಿತೆಂದು ಹೀರಿ ತೆಗೆದರೆ ದ್ರಾವ್ಯವೂ ಹೊರಬರುತ್ತದೆ, ಆಗ ಹೊಸದಾಗಿ ಶುರು ಮಾಡುವುದೇ ದಾರಿ. ಬಿರಡೆ ಹಾಕಿ ಹಲವು ಬಾರಿ ತಲೆಕೆಳಗು ಮಾಡಿ ಬೆರೆಸಿ.

ತಕ್ಕಡಿ 12.48ರ ಬದಲು 12.51 ತೋರಿಸಿದರೆ ಚಿಟಿಕೆ ಚಿಟಿಕೆಯಾಗಿ ತೆಗೆಯುತ್ತ ಹೊತ್ತು ಕಳೆಯಬೇಡಿ. ಅದನ್ನೇ ಬರೆದಿಟ್ಟುಕೊಂಡು ಹಿಂದುಮುಂದಾಗಿ ಲೆಕ್ಕ ಮಾಡಿ: 12.51 ÷ 249.69 ÷ 0.25 = 0.2004. ಸೀಸೆಯ ಮೇಲೆ ಹೆಸರು, ದಿನಾಂಕದ ಜತೆ 0.2004 ಮೋಲಾರ್ ಎಂದೇ ಬರೆಯಿರಿ.